ಪ್ಯಾರಿಸ್ ಒಪ್ಪಂದ ಬಿಟ್ಟ ಅಮೆರಿಕ, ಅಮೆರಿಕದಲ್ಲೇ ಹುಟ್ಟಿದ ಪೋಪ್: ಹವಾಮಾನದ ಹೊಣೆ ಯಾವ ದೇಶದ್ದು?

2026ರ ಜನವರಿ 27ರಂದು ಅಮೆರಿಕ ಎರಡನೆಯ ಬಾರಿ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಅಧಿಕೃತವಾಗಿ ಹೊರಬಿದ್ದಿತು. ಅದಕ್ಕೂ ಮೂರು ವಾರ ಮೊದಲು, ಜನವರಿ 7ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ 66 ಅಂತರರಾಷ್ಟ್ರೀಯ ಸಂಸ್ಥೆಗಳಿಂದ ಹಿಂದೆ ಸರಿಯುವ ಆದೇಶಕ್ಕೆ ಸಹಿ ಹಾಕಿದ್ದರು. ಪ್ಯಾರಿಸ್ ಒಪ್ಪಂದಕ್ಕೆ ಬುನಾದಿಯಾಗಿರುವ, 1992ರ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯೂ ಆ ಪಟ್ಟಿಯಲ್ಲಿತ್ತು. ಈ ಸರ್ಕಾರದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2019ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಸೇರಿದವರು. ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರುಬಿಯೊ ಕೂಡ ಕ್ಯಾಥೊಲಿಕ್. ಇತ್ತ ರೋಮಿನಲ್ಲಿ ಆ ಧರ್ಮಸಭೆಯ ಮುಖ್ಯಸ್ಥರಾಗಿರುವವರು ಶಿಕಾಗೊದಲ್ಲಿ ಹುಟ್ಟಿ, ಪೆರು ದೇಶದಲ್ಲಿ ಬಿಷಪ್ ಆಗಿ ದುಡಿದ ಹದಿನಾಲ್ಕನೆಯ ಲಿಯೋ. ಅಮೆರಿಕ ಮೂಲದ ಮೊದಲ ಪೋಪ್. ಬ್ರೆಜಿಲಿನ ಬೆಲೆಮ್‌ನಲ್ಲಿ ಕಾಪ್-30 ಹವಾಮಾನ ಶೃಂಗಸಭೆ ನಡೆಯುತ್ತಿದ್ದ 2025ರ ನವೆಂಬರಿನಲ್ಲಿ ಅವರು ಕಳುಹಿಸಿದ ವಿಡಿಯೊ ಸಂದೇಶದ ತಿರುಳು, ಸೋಲುತ್ತಿರುವುದು ಪ್ಯಾರಿಸ್ ಒಪ್ಪಂದವಲ್ಲ, ಕೆಲವರ ರಾಜಕೀಯ ಇಚ್ಛಾಶಕ್ತಿ ಎಂಬುದಾಗಿತ್ತು. ಅವರು ಯಾವ ದೇಶದ ಹೆಸರನ್ನೂ ಎತ್ತಲಿಲ್ಲ. ಅಮೆರಿಕದ ಉನ್ನತ ಮಟ್ಟದ ನಿಯೋಗವೇ ಇಲ್ಲದ ಸಭೆಯಲ್ಲಿ ಹೆಸರೆತ್ತುವ ಅಗತ್ಯವೂ ಇರಲಿಲ್ಲ.

ಇಲ್ಲಿ ಓದುಗರಿಗೆ ಸಹಜವಾಗಿಯೇ ಗೊಂದಲವಾಗುತ್ತದೆ. ಪೋಪ್ ಒಂದು ಹೇಳಿದರೆ, ಅದೇ ಧರ್ಮಸಭೆಗೆ ಸೇರಿದ ರಾಜಕಾರಣಿಗಳು ತದ್ವಿರುದ್ಧವಾದುದನ್ನು ಮಾಡಬಹುದೆ? ಹವಾಮಾನ ಬದಲಾವಣೆಗೆ ಇಂತಿಂಥ ದೇಶ ಇಷ್ಟಿಷ್ಟು ಹೊಣೆ ಎಂದು ಹೇಳುವ ಅಧಿಕಾರ ಒಂದು ಧರ್ಮಸಂಸ್ಥೆಗೆ ಎಲ್ಲಿಂದ ಬಂತು?

ಹೊಣೆಯ ಮಾತಿನ ಹಿನ್ನೆಲೆ

ಈ ಚಿಂತನೆ ಲಿಯೋ ಅವರಿಗಿಂತ ಹಿಂದಿನ ಪೋಪ್ ಫ್ರಾನ್ಸಿಸ್ ಅವರಿಂದಲೇ ಶುರುವಾಯಿತು ಎಂಬ ಗ್ರಹಿಕೆ ಸರಿಯಲ್ಲ. ಒಂದು ದೇಶದ ಹಿತವನ್ನು ಮೀರಿದ, ಇಡೀ ಮನುಕುಲಕ್ಕೆ ಸೇರಿದ ಹಿತವೊಂದಿದೆ, ಅದನ್ನು ಕಾಯಲು ಬಿಡಿ ಬಿಡಿ ರಾಷ್ಟ್ರಗಳ ಶಕ್ತಿ ಸಾಲದು ಎಂದು ಪೋಪ್ ಇಪ್ಪತ್ಮೂರನೆಯ ಜಾನ್ 1963ರಲ್ಲೇ ಬರೆದಿದ್ದರು. ಬಡ ದೇಶಗಳ ಅಭಿವೃದ್ಧಿಗೆ ನೆರವಾಗುವುದು ಶ್ರೀಮಂತ ದೇಶಗಳ ಕರ್ತವ್ಯ ಎಂದು ಆರನೆಯ ಪಾಲ್ 1967ರಲ್ಲಿ ಹೇಳಿದರು. ಎರಡನೆಯ ಜಾನ್ ಪಾಲ್ 1990ರ ಜನವರಿ 1ರ ಶಾಂತಿ ಸಂದೇಶದಲ್ಲಿ ಹಸಿರುಮನೆ ಪರಿಣಾಮವನ್ನು ಹೆಸರಿಸಿಯೇ ಪ್ರಸ್ತಾಪಿಸಿದರು. ತಂತ್ರಜ್ಞಾನದಲ್ಲಿ ಮುಂದುವರಿದ ಸಮಾಜಗಳು ತಮ್ಮ ಇಂಧನ ಬಳಕೆಯನ್ನು ತಗ್ಗಿಸಬಲ್ಲವು, ತಗ್ಗಿಸಲೇಬೇಕು ಎಂದು 2009ರಲ್ಲಿ ಬರೆದವರು, ಸಂಪ್ರದಾಯವಾದಿ ಎಂದೇ ಹೆಸರಾದ ಹದಿನಾರನೆಯ ಬೆನೆಡಿಕ್ಟ್.

2015ರ ಜೂನ್ 18ರಂದು ಬಿಡುಗಡೆಯಾದ ಫ್ರಾನ್ಸಿಸ್ ಅವರ 'ಲೌದಾತೋ ಸಿ' ಎಂಬ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಬೋಧನಾ ಪತ್ರ) ಈ ಎಳೆಗಳನ್ನೆಲ್ಲ ಒಂದೆಡೆ ಹೆಣೆಯಿತು. ಪ್ಯಾರಿಸ್ ಸಮ್ಮೇಳನಕ್ಕೆ ಆರು ತಿಂಗಳಷ್ಟೇ ಉಳಿದಿದ್ದ ಆ ಹೊತ್ತು ಕಾಕತಾಳೀಯವಲ್ಲ. ಹವಾಮಾನ ಎಲ್ಲರಿಗೂ ಸೇರಿದ ಸಾಮಾನ್ಯ ಸ್ವತ್ತು ಎಂದು ಆ ಪತ್ರ ಹೇಳುತ್ತದೆ. ಅಲ್ಲಿಂದ ಮುಂದಿನ ವಾದವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಎಲ್ಲರ ಸ್ವತ್ತನ್ನು ಕೆಲವರು ಅಳತೆ ಮೀರಿ ಬಳಸಿಕೊಂಡಿದ್ದರೆ ಅವರು ಉಳಿದವರಿಗೆ ಬಾಕಿದಾರರಾಗುತ್ತಾರೆ. ಇದನ್ನೇ ಫ್ರಾನ್ಸಿಸ್ ಪರಿಸರ ಋಣ ಎಂದು ಕರೆದರು. ಹೊಣೆ ಎಲ್ಲ ದೇಶಗಳದ್ದಾದರೂ ಅದರ ಪಾಲು ಸಮಾನವಲ್ಲ ಎಂಬ ವಿಶ್ವಸಂಸ್ಥೆಯ ಸೂತ್ರವನ್ನು ಅವರು ಒಪ್ಪಿದರು. ಕೈಗಾರಿಕೆಯಿಂದ ಲಾಭ ಪಡೆದ ದೇಶಗಳೇ ಪರಿಹಾರದ ಹೆಚ್ಚಿನ ಭಾರ ಹೊರಬೇಕು ಎಂಬ ಬೊಲಿವಿಯಾದ ಬಿಷಪ್‌ಗಳ ಹೇಳಿಕೆಯನ್ನು ತಮ್ಮ ಪತ್ರದಲ್ಲಿ ಉಲ್ಲೇಖಿಸಿದರು. 2023ರ ಅಕ್ಟೋಬರ್ 4ರಂದು ಬಂದ 'ಲೌದಾತೆ ದೇವುಮ್' ಇನ್ನೂ ನೇರವಾಗಿತ್ತು: ಅಮೆರಿಕದ ತಲಾ ಹೊರಸೂಸುವಿಕೆ ಚೀನಾದ ಸುಮಾರು ಎರಡು ಪಟ್ಟು, ಕಡುಬಡ ದೇಶಗಳ ಸರಾಸರಿಯ ಸುಮಾರು ಏಳು ಪಟ್ಟು ಎಂದು ಅದು ಲೆಕ್ಕ ಕೊಟ್ಟಿತು. ಧಾರ್ಮಿಕ ಪತ್ರವೊಂದು ಒಂದು ದೇಶದ ಹೆಸರು ಹಿಡಿದು ಅಂಕಿ ಮುಂದಿಡುವುದು ಅಪರೂಪ.

ಯಾವ ಲೆಕ್ಕ ಹಿಡಿಯಬೇಕು?

ದೇಶಗಳ ಹೊಣೆಯನ್ನು ಅಳೆಯಲು ಕನಿಷ್ಠ ಮೂರು ಕೋಲುಗಳಿವೆ, ಒಂದೊಂದೂ ಒಂದೊಂದು ದೇಶವನ್ನು ಕಟಕಟೆಗೆ ತರುತ್ತದೆ. ಈ ವರ್ಷ ಯಾರು ಹೆಚ್ಚು ಇಂಗಾಲ ಹೊರಬಿಟ್ಟರು ಎಂದು ಕೇಳಿದರೆ ಉತ್ತರ ಚೀನಾ. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಎರಡೂ ಸೇರಿ ಹೊರಬಿಡುವುದಕ್ಕಿಂತ ಅದರದು ಹೆಚ್ಚು, ಭಾರತಕ್ಕೆ ಮೂರನೆಯ ಸ್ಥಾನ. ತಲಾ ಲೆಕ್ಕ ಹಿಡಿದರೆ ಅಮೆರಿಕದವರು ವರ್ಷಕ್ಕೆ ಸುಮಾರು 14 ಟನ್, ಭಾರತೀಯರು ಸುಮಾರು 2 ಟನ್. ಕೈಗಾರಿಕಾ ಕ್ರಾಂತಿಯಿಂದ ಈವರೆಗಿನ ಒಟ್ಟು ಮೊತ್ತವನ್ನು ತೆಗೆದುಕೊಂಡರೆ ಅಮೆರಿಕದ ಪಾಲು ಸುಮಾರು ನಾಲ್ಕನೆಯ ಒಂದು, ಭಾರತದ್ದು ಶೇ 3ರಿಂದ 4ರ ಆಸುಪಾಸು. ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುವುದರಿಂದ, ಇಂದಿನ ಬಿಸಿಗೆ ಕಾರಣ ಈ ವರ್ಷದ ಹೊಗೆಯಷ್ಟೇ ಅಲ್ಲ, ಹಿಂದೆ ಕೂಡಿಬಿದ್ದದ್ದೂ ಹೌದು. ಆದ್ದರಿಂದ ವ್ಯಾಟಿಕನ್ನಿನ ದಾಖಲೆಗಳು ಎರಡನೆಯ ಮತ್ತು ಮೂರನೆಯ ಲೆಕ್ಕಕ್ಕೆ ಒಲಿದಿವೆ. ವಾಷಿಂಗ್ಟನ್ ಮೊದಲನೆಯದನ್ನೇ ಹಿಡಿದು ಮಾತಾಡುತ್ತದೆ.

ತಿಳಿಯದೆ ಮಾಡಿದ್ದಕ್ಕೂ ಋಣ ಉಂಟೆ?

ಪರಿಸರ ಋಣದ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿಯಾದ ಆಕ್ಷೇಪ ಕ್ಯಾಥೊಲಿಕ್ ನೀತಿಶಾಸ್ತ್ರದ ಒಳಗಿಂದಲೇ ಬರುತ್ತದೆ. ಆ ಶಾಸ್ತ್ರದ ಪ್ರಕಾರ ಒಬ್ಬನನ್ನು ಗಂಭೀರ ಪಾಪಕ್ಕೆ ಗುರಿ ಮಾಡಬೇಕಾದರೆ ಅವನಿಗೆ ಪೂರ್ಣ ಅರಿವಿರಬೇಕು, ಪೂರ್ಣ ಸಮ್ಮತಿಯಿಂದ ಅವನು ಅದನ್ನು ಮಾಡಿರಬೇಕು. 1900ರಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಸುರಿಯುತ್ತಿದ್ದ ಕಾರ್ಮಿಕನಿಗೆ ಬಂಗಾಳ ಕೊಲ್ಲಿಯ ಚಂಡಮಾರುತ ಗೊತ್ತಿರಲಿಲ್ಲ. ಅವನ ಮರಿಮೊಮ್ಮಗನ ಮೇಲೆ ಆ ತಪ್ಪನ್ನು ಹೊರಿಸುವುದು ಯಾವ ನ್ಯಾಯ?

ಈ ಪ್ರಶ್ನೆಗೆ ಉತ್ತರ ಪಾಪದ ಅಧ್ಯಾಯದಲ್ಲಿಲ್ಲ, ಮರುಪಾವತಿಯ ಅಧ್ಯಾಯದಲ್ಲಿದೆ. 13ನೆಯ ಶತಮಾನದ ಕ್ಯಾಥೊಲಿಕ್ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಇವೆರಡನ್ನೂ ಬೇರೆ ಮಾಡಿ ನೋಡಿದ. ಪರರ ವಸ್ತುವನ್ನು ತೆಗೆದುಕೊಂಡ ಕ್ರಿಯೆ ತಪ್ಪೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಆ ವಸ್ತು ಈಗ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು. ತೆಗೆದುಕೊಂಡದ್ದರಲ್ಲಿ ಪಾಪವಿಲ್ಲದಿದ್ದರೂ, ಇರಿಸಿಕೊಂಡಿರುವ ತನಕ ಮರಳಿಸುವ ಹೊಣೆ ತಪ್ಪುವುದಿಲ್ಲ. ಊರ ಕೆರೆಯ ನೀರನ್ನು ಅಜ್ಜ ತನ್ನ ತೋಟಕ್ಕಷ್ಟೇ ತಿರುಗಿಸಿಕೊಂಡಿದ್ದ ಎನ್ನಿ. ಆ ತೋಟದ ಫಸಲನ್ನು ಇಂದು ಉಣ್ಣುತ್ತಿರುವ ಮೊಮ್ಮಗನನ್ನು ಯಾರೂ ಕಳ್ಳ ಎನ್ನುವುದಿಲ್ಲ, ಆದರೆ ಕೆಳಗಿನ ಗದ್ದೆಗಳು ಒಣಗಿದಾಗ ತೂಬಿನ ಮಾತು ತನಗೆ ಸಂಬಂಧಿಸಿದ್ದಲ್ಲ ಎನ್ನಲು ಅವನಿಗೂ ಬರುವುದಿಲ್ಲ. ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥವೂ ಮರುಪಾವತಿಯ ಹೊಣೆಯನ್ನು ಕದ್ದವನಿಗೆ ಮಾತ್ರ ಸೀಮಿತಗೊಳಿಸದೆ, ಅದರಿಂದ ಬಂದ ಲಾಭವನ್ನು ತಿಳಿದೂ ತಿಳಿದೂ ಉಂಡವರಿಗೆ ವಿಸ್ತರಿಸುತ್ತದೆ.

ಇಲ್ಲಿ 'ತಿಳಿದೂ' ಎಂಬ ಷರತ್ತು ಮುಖ್ಯವಾಗುತ್ತದೆ, ಏಕೆಂದರೆ ಹವಾಮಾನ ವಿಜ್ಞಾನವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ಮೊದಲ ವರದಿ ಬಂದದ್ದು 1990ರಲ್ಲಿ. ಪಳೆಯುಳಿಕೆ ಇಂಧನದಿಂದ ಮನುಷ್ಯರು ಈವರೆಗೆ ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆ ವರ್ಷದ ನಂತರದ್ದು. ಹಾಗಾಗಿ ಗೊತ್ತಿರಲಿಲ್ಲ ಎಂಬ ಸಮರ್ಥನೆ ಲೆಕ್ಕದ ಒಂದು ಭಾಗಕ್ಕಷ್ಟೇ ಸಲ್ಲುತ್ತದೆ. ಆದರೆ ಇದು ಇಬ್ಬಾಯಿಯ ಕತ್ತಿಯೂ ಹೌದು: 1990ರಿಂದಲೇ ಎಣಿಸುವುದಾದರೆ ಅಮೆರಿಕದ ಪಾಲು ತಗ್ಗಿ ಚೀನಾದ ಪಾಲು ಮೇಲೇರುತ್ತದೆ. ಈ ಕಾಲರೇಖೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ವ್ಯಾಟಿಕನ್ ಯಾವ ದಾಖಲೆಯಲ್ಲೂ ನಿಖರವಾಗಿ ಹೇಳಿಲ್ಲ. ಋಣವಿದೆ ಎಂದು ಸಾರುವ ಗಟ್ಟಿತನ, ಋಣ ಎಷ್ಟು ಎಂದು ಹೇಳುವಾಗ ಕಾಣುವುದಿಲ್ಲ. ಅದರ ವಾದದಲ್ಲಿ ದುರ್ಬಲವಾದ ಜಾಗ ಇದೇ ಎಂದು ಒಪ್ಪಬೇಕು.

'ಮೊದಲು ನಮ್ಮವರು' ಎಂಬ ವಾದ

2025ರ ಜನವರಿಯಲ್ಲಿ ವಲಸೆಯ ಬಗ್ಗೆ ಮಾತನಾಡುತ್ತ ಉಪಾಧ್ಯಕ್ಷ ವ್ಯಾನ್ಸ್, ಪ್ರೀತಿಗೆ ಒಂದು ಕ್ರಮವಿದೆ, ಮೊದಲು ಕುಟುಂಬ, ಆಮೇಲೆ ನೆರೆಹೊರೆ, ಆಮೇಲೆ ಸಮುದಾಯ, ಆಮೇಲೆ ದೇಶವಾಸಿಗಳು, ಅನಂತರ ಉಳಿದ ಜಗತ್ತು ಎಂದು ವಾದಿಸಿದ್ದರು. ಇದು ಅವರ ಸ್ವಂತ ಕಲ್ಪನೆಯಲ್ಲ. ಅಗಸ್ಟೀನ್, ಅಕ್ವಿನಾಸ್ ಅವರಿಂದ ಬಂದ ಹಳೆಯ ಚಿಂತನೆ. ಫೆಬ್ರುವರಿ 10ರಂದು ಫ್ರಾನ್ಸಿಸ್ ಅಮೆರಿಕದ ಬಿಷಪ್‌ಗಳಿಗೆ ಪತ್ರ ಬರೆದು, ಪ್ರೀತಿಯ ನಿಜವಾದ ಕ್ರಮ ತಿಳಿಯುವುದು ದಾರಿಯಲ್ಲಿ ಬಿದ್ದ ಪರಕೀಯನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಸಾಮತಿಯಿಂದ ಎಂದು ತಿದ್ದಿದರು. ಆಗಿನ್ನೂ ಕಾರ್ಡಿನಲ್ ಆಗಿದ್ದ ರಾಬರ್ಟ್ ಪ್ರಿವೋಸ್ಟ್, ಅಂದರೆ ಇಂದಿನ ಪೋಪ್ ಲಿಯೋ, ಅವರ ಹೆಸರಿನ ಎಕ್ಸ್ ಖಾತೆಯಲ್ಲೂ ವ್ಯಾನ್ಸ್ ಮಾತನ್ನು ಟೀಕಿಸುವ ಲೇಖನವೊಂದು ಹಂಚಿಕೆಯಾಗಿತ್ತು.

ವಿವಾದ ಹುಟ್ಟಿದ್ದು ವಲಸೆಯಿಂದಲಾದರೂ ಹವಾಮಾನದ ಚರ್ಚೆಗೂ ಇದು ನೇರವಾಗಿ ತಾಗುತ್ತದೆ. ಪೆನ್ಸಿಲ್ವೇನಿಯಾದ ಅನಿಲ ಬಾವಿಯ ಕಾರ್ಮಿಕನ ಉದ್ಯೋಗವನ್ನು ಕಾಯುವುದು ಅಮೆರಿಕ ಸರ್ಕಾರದ ಮೊದಲ ಧರ್ಮವಾದರೆ, ದೂರದ ದ್ವೀಪವಾಸಿಗಾಗಿ ಅವನನ್ನು ಬಲಿ ಕೊಡಲಾಗದು ಎಂಬುದು ಇದರ ತರ್ಕ. ಇದಕ್ಕೆ ಎರಡು ಉತ್ತರಗಳಿವೆ. ಒಂದು, ಅದೇ ಅಕ್ವಿನಾಸ್ ಇನ್ನೊಂದೆಡೆ, ಅಷ್ಟೇನೂ ಕಷ್ಟದಲ್ಲಿಲ್ಲದ ಸ್ವಂತ ತಂದೆಗಿಂತ ಪ್ರಾಣಸಂಕಟದಲ್ಲಿರುವ ಅಪರಿಚಿತನಿಗೆ ಮೊದಲು ನೆರವಾಗಬೇಕಾದ ಸಂದರ್ಭಗಳುಂಟು ಎನ್ನುತ್ತಾನೆ. ಎರಡು, ಪ್ರೀತಿಯ ಕ್ರಮ ದಾನಕ್ಕೆ ಅನ್ವಯಿಸುತ್ತದೆಯೇ ಹೊರತು ಬಾಕಿಗೆ ಅಲ್ಲ. ಬಾಕಿ ತೀರಿಸುವುದು ನ್ಯಾಯದ ವಿಷಯ. ಹವಾಮಾನ ನೆರವನ್ನು ಶ್ರೀಮಂತ ದೇಶಗಳು ಔದಾರ್ಯವೆಂದು ಕರೆದರೆ 'ಮೊದಲು ನಮ್ಮವರು' ಎಂಬ ವಾದ ಗೆಲ್ಲುತ್ತದೆ, ಋಣಸಂದಾಯವೆಂದರೆ ಬಾಕಿಯ ವಾದ. ಹೀಗಾಗಿಯೇ ಮಾತುಕತೆಯ ಮೇಜಿನಲ್ಲಿ ಒಂದೊಂದು ಪದಕ್ಕೂ ರಾತ್ರಿಯಿಡೀ ಜಗ್ಗಾಟ ನಡೆಯುವುದು.

ಭಿನ್ನಾಭಿಪ್ರಾಯಕ್ಕೆ ಎಷ್ಟು ಎಡೆ?

ಕ್ಯಾಥೊಲಿಕ್ ರಾಜಕಾರಣಿಯೊಬ್ಬ ಪೋಪ್ ಮಾತನ್ನು ಒಪ್ಪದಿರಬಹುದೆ ಎಂಬ ಪ್ರಶ್ನೆಗೆ ಉತ್ತರ, ಒಂದು ಮಿತಿಯೊಳಗೆ ಹೌದು. ವಿಶ್ವಪತ್ರ ಎಂಬುದು ಎಂದಿಗೂ ತಪ್ಪಾಗಲಾರದ ಘೋಷಣೆಯಲ್ಲ. ವೈಜ್ಞಾನಿಕ ಪ್ರಶ್ನೆಗಳನ್ನು ಇತ್ಯರ್ಥಗೊಳಿಸುವುದಾಗಲಿ ರಾಜಕಾರಣದ ಜಾಗದಲ್ಲಿ ತಾನು ಕೂರುವುದಾಗಲಿ ಧರ್ಮಸಭೆಯ ಉದ್ದೇಶವಲ್ಲ ಎಂದು 'ಲೌದಾತೋ ಸಿ'ಯೇ ಸ್ಪಷ್ಟವಾಗಿ ಹೇಳಿಕೊಂಡಿದೆ. ಮೂಲತತ್ವ ಕಟ್ಟಿಹಾಕುತ್ತದೆ, ಅದನ್ನು ಜಾರಿಗೆ ತರುವ ಮಾರ್ಗದ ಆಯ್ಕೆ ವಿವೇಚನೆಗೆ ಬಿಟ್ಟದ್ದು.

ವಿಮರ್ಶಕರು ನಡೆದದ್ದು ಈ ಬಾಗಿಲಿನಿಂದಲೇ. ಸಿಡ್ನಿಯ ಆರ್ಚ್‌ಬಿಷಪ್ ಆಗಿದ್ದು, ಮುಂದೆ ವ್ಯಾಟಿಕನ್ನಿನ ಹಣಕಾಸು ನೋಡಿಕೊಂಡ ಕಾರ್ಡಿನಲ್ ಜಾರ್ಜ್ ಪೆಲ್, ವಿಜ್ಞಾನದ ವಿಷಯದಲ್ಲಿ ತೀರ್ಪು ಕೊಡುವ ಆದೇಶವನ್ನು ದೇವರು ಧರ್ಮಸಭೆಗೆ ಕೊಟ್ಟಿಲ್ಲ ಎಂದು 2015ರಲ್ಲಿ ಬಹಿರಂಗವಾಗಿಯೇ ಹೇಳಿದರು. ಮಿಷಿಗನ್ನಿನ ಆ್ಯಕ್ಟನ್ ಇನ್‌ಸ್ಟಿಟ್ಯೂಟಿನಂಥ ಮಾರುಕಟ್ಟೆ ಪರ ಸಂಸ್ಥೆಗಳು, ಬಡವರನ್ನು ಬಡತನದಿಂದ ಎತ್ತಿದ್ದೇ ಅಗ್ಗದ ಇಂಧನ ಮತ್ತು ಮುಕ್ತ ವ್ಯಾಪಾರ ಎಂದು ವಾದಿಸಿದವು. ಈ ಎರಡನೆಯ ವಾದವನ್ನು ತಳ್ಳಿಹಾಕಲಾಗದು.

ಆದರೂ ಆ ಬಾಗಿಲು ಅದನ್ನು ಬಳಸುವವರು ಭಾವಿಸಿದಷ್ಟು ಅಗಲವಾಗಿಲ್ಲ. ಇಂಗಾಲ ತೆರಿಗೆ ಬೇಕೆ, ಅಣುವಿದ್ಯುತ್ ಬೇಕೆ, ಪ್ಯಾರಿಸ್ ಒಪ್ಪಂದ ಒಳ್ಳೆಯ ಸಾಧನವೇ ಎಂಬ ಪ್ರಶ್ನೆಗಳಲ್ಲಿ ಕ್ಯಾಥೊಲಿಕರು ಭಿನ್ನವಾಗಿ ಯೋಚಿಸಬಹುದು. ಒಂದು ಒಪ್ಪಂದ ಬಿಟ್ಟು ಅದಕ್ಕಿಂತ ಉತ್ತಮವಾದ ದಾರಿಯನ್ನು ಮುಂದಿಟ್ಟರೆ ಅದು ಮಾರ್ಗದ ಭಿನ್ನಾಭಿಪ್ರಾಯ. ಬದಲಿಗೆ ಏನನ್ನೂ ಇಡದೆ, ಹೊಣೆಯೇ ಇಲ್ಲವೆಂದು ಎದ್ದು ಹೋಗುವುದು ತತ್ವದ ನಿರಾಕರಣೆ. ಇಂದಿನ ಅಮೆರಿಕದ ನಡೆ ಎರಡನೆಯ ಬಗೆಯದು ಎಂದು ಹೇಳಲು ಕಾರಣವಿದೆ: ಪ್ಯಾರಿಸ್ ಒಪ್ಪಂದವಲ್ಲದೆ, ಹವಾಮಾನ ಹಾನಿಗೊಳಗಾದ ದೇಶಗಳಿಗೆ ನೆರವಾಗುವ ನಷ್ಟ ಮತ್ತು ಹಾನಿ ನಿಧಿಯ ಆಡಳಿತ ಮಂಡಳಿಯನ್ನೂ ಅದು 2025ರ ಮಾರ್ಚಿನಲ್ಲಿ ತೊರೆಯಿತು.

ಅಮೆರಿಕದ ಬಿಷಪ್‌ಗಳು ಇದಕ್ಕೆ ಏಕೆ ದೊಡ್ಡ ದನಿಯಲ್ಲಿ ಉತ್ತರಿಸುತ್ತಿಲ್ಲ? 2001ರಷ್ಟು ಹಿಂದೆಯೇ ಅವರ ಸಮ್ಮೇಳನ ಹವಾಮಾನ ಬದಲಾವಣೆಯ ಕುರಿತು ಸಮತೂಕದ ಹೇಳಿಕೆ ಹೊರಡಿಸಿತ್ತು, ಪ್ಯಾರಿಸ್ ಒಪ್ಪಂದ ಬಿಡುವ 2017ರ ಘೋಷಣೆಯನ್ನು ಟೀಕಿಸಿಯೂ ಇತ್ತು. ಆದರೆ ಬಿಷಪ್‌ಗಳು 2014ರಿಂದ 2019ರವರೆಗೆ ತಮ್ಮ ಪ್ರಾಂತ್ಯದ ಪತ್ರಿಕೆಗಳಿಗೆ ಬರೆದ 12 ಸಾವಿರಕ್ಕೂ ಹೆಚ್ಚು ಅಂಕಣಗಳನ್ನು ಕ್ರೈಟನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಹವಾಮಾನ ಬದಲಾವಣೆಯ ಉಲ್ಲೇಖವಿದ್ದದ್ದು ಶೇ 1ಕ್ಕಿಂತ ಕಡಿಮೆ ಅಂಕಣಗಳಲ್ಲಿ. ಕಾರಣ ಪೀಠದ ಎದುರಿನ ಬೆಂಚುಗಳಲ್ಲಿದೆ. ಪ್ಯೂ ರಿಸರ್ಚ್ ಸೆಂಟರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಡೆಮಾಕ್ರಟಿಕ್ ಒಲವಿನ ಕ್ಯಾಥೊಲಿಕರಲ್ಲಿ ಶೇ 82 ಮಂದಿ ಹವಾಮಾನ ಬದಲಾವಣೆಯನ್ನು ಅತಿ ಗಂಭೀರವೆಂದು ಕಂಡರೆ, ರಿಪಬ್ಲಿಕನ್ ಒಲವಿನವರಲ್ಲಿ ಶೇ 25 ಮಾತ್ರ. ಒಂದೇ ಪೂಜೆಗೆ ಬರುವವರು ಈ ವಿಷಯದಲ್ಲಿ ಪಕ್ಷದ ಮಾತನ್ನು ಕೇಳುತ್ತಾರೆಯೇ ಹೊರತು ಪೋಪ್ ಮಾತನ್ನಲ್ಲ. 2025ರ ಅಕ್ಟೋಬರ್ 1ರಂದು ರೋಮಿನ ಬಳಿಯ ಕಸ್ಟೆಲ್ ಗಂಡೊಲ್ಫೊದಲ್ಲಿ ನಡೆದ ಹವಾಮಾನ ಸಮಾವೇಶದಲ್ಲಿ ಪೋಪ್ ಲಿಯೋ, ಗ್ರೀನ್‌ಲ್ಯಾಂಡಿನಿಂದ ತಂದ, ಸಭೆಯ ನಡುವೆಯೇ ಕರಗುತ್ತಿದ್ದ ಮಂಜುಗಡ್ಡೆಯ ಮೇಲೆ ಅಂಗೈ ಊರಿ ಆಶೀರ್ವದಿಸಿದರು. ಜಾಗತಿಕ ತಾಪಮಾನದ ಮಾತಾಡುವವರನ್ನು ಗೇಲಿ ಮಾಡುವವರ ಬಗ್ಗೆ ಅವರು ಬೇಸರಿಸಿದ್ದು ಅದೇ ಭಾಷಣದಲ್ಲಿ. ಆ ಚಿತ್ರ ಜಾಲತಾಣಗಳಿಗೆ ಬಂದೊಡನೆ ಗೇಲಿಗೆ ಇಳಿದವರಲ್ಲಿ ಅಮೆರಿಕದ ಸಂಪ್ರದಾಯವಾದಿ ಕ್ಯಾಥೊಲಿಕರೂ ಇದ್ದರು.

ಬಡ ದೇಶಗಳ ಬಿಷಪ್‌ಗಳ ಬೇಡಿಕೆ

ಧರ್ಮಸಭೆಯ ಜನಸಂಖ್ಯೆ ಇಂದು ಹೆಚ್ಚಾಗಿ ಲ್ಯಾಟಿನ್ ಅಮೆರಿಕ, ಆಫ್ರಿಕ ಮತ್ತು ಏಷ್ಯಾದಲ್ಲಿದೆ. 2025ರ ಜುಲೈ 1ರಂದು ಈ ಮೂರು ಖಂಡಗಳ ಬಿಷಪ್‌ಗಳ ಒಕ್ಕೂಟಗಳು ಹವಾಮಾನ ನ್ಯಾಯದ ಕುರಿತು ಜಂಟಿ ದಾಖಲೆಯೊಂದನ್ನು ಪೋಪ್ ಲಿಯೋ ಅವರಿಗೆ ಸಲ್ಲಿಸಿದವು. ಏಷ್ಯಾದ ಪರವಾಗಿ ಮುಂದಾಳತ್ವ ವಹಿಸಿದವರು ನಮ್ಮ ನೆರೆಯ ಗೋವಾದ ಆರ್ಚ್‌ಬಿಷಪ್ ಕಾರ್ಡಿನಲ್ ಫಿಲಿಪ್ ನೇರಿ ಫೆರಾವೊ. ಶ್ರೀಮಂತ ದೇಶಗಳು ಪರಿಸರ ಋಣವನ್ನು ಒಪ್ಪಿಕೊಂಡು ತೀರಿಸಬೇಕು, ಪಳೆಯುಳಿಕೆ ಇಂಧನದ ವಿಸ್ತರಣೆ ನಿಲ್ಲಬೇಕು, ಹೊಗೆ ಬಿಡುವ ಪರವಾನಗಿಗಳನ್ನು ಕೊಂಡು ಮಾರುವ ಇಂಗಾಲದ ಮಾರುಕಟ್ಟೆಯಂಥ ಸುಳ್ಳು ಪರಿಹಾರಗಳನ್ನು ಬಿಡಬೇಕು ಎಂಬುದು ಅದರ ಒತ್ತಾಯ.

ಫಿಲಿಪ್ಪೀನ್ಸ್ ಇದಕ್ಕೆ ಹತ್ತಿರದ ಉದಾಹರಣೆ. 2013ರ ಹಯಾನ್ ಚಂಡಮಾರುತದಲ್ಲಿ ಆ ದೇಶದ 6,000ಕ್ಕೂ ಹೆಚ್ಚು ಜನ ಸತ್ತರು. 2015ರ ಜನವರಿಯಲ್ಲಿ ಫ್ರಾನ್ಸಿಸ್ ಟಕ್ಲೋಬಾನ್ ಊರಿನಲ್ಲಿ ಪೂಜೆ ಅರ್ಪಿಸಿದ್ದು, ಇನ್ನೊಂದು ಬಿರುಗಾಳಿ ಬೀಸುತ್ತಿದ್ದಂತೆಯೇ, ಜನರು ಹೊದ್ದಿದ್ದಂಥದೇ ಹಳದಿ ಪ್ಲಾಸ್ಟಿಕ್ ಮಳೆಯಂಗಿಯಲ್ಲಿ. ಅಲ್ಲಿನ ಬಿಷಪ್‌ಗಳು 2022ರಲ್ಲಿ ಗಣಿ ಮತ್ತು ಇಂಧನ ಉದ್ಯಮಗಳಿಂದ ಕಾಣಿಕೆ ಸ್ವೀಕರಿಸುವುದಿಲ್ಲವೆಂದು ತೀರ್ಮಾನಿಸಿದರು.

ಇಂಗಾಲದ ಮಾರುಕಟ್ಟೆಯ ವಿರೋಧ ಮಾತ್ರ ಚರ್ಚಾಸ್ಪದ. ಹೊಗೆಗೆ ಬೆಲೆ ಕಟ್ಟದೆ ಅದನ್ನು ಅಗ್ಗವಾಗಿ ತಗ್ಗಿಸುವುದು ಅಸಾಧ್ಯವೆಂದು ಯೇಲ್‌ನ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 2015ರಲ್ಲೇ ಫ್ರಾನ್ಸಿಸ್ ಅವರ ನಿಲುವನ್ನು ಟೀಕಿಸಿದ್ದರು. ಶ್ರೀಮಂತರು ಹಣ ಕೊಟ್ಟು ಮಲಿನ ಮಾಡುವ ಪರವಾನಗಿ ಕೊಳ್ಳುತ್ತಾರೆ ಎಂಬ ಬಿಷಪ್‌ಗಳ ಆತಂಕಕ್ಕೂ ಆಧಾರವಿದೆ, ಆದರೆ ಎಲ್ಲ ಬಗೆಯ ಇಂಗಾಲ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಸರದ ತೀರ್ಮಾನ.

ವ್ಯಾಟಿಕನ್ ಕೂಡ ಒಂದು ದೇಶ

44 ಹೆಕ್ಟೇರಿನ ವ್ಯಾಟಿಕನ್ 2022ರಲ್ಲಿ ತಾನೂ ಪ್ಯಾರಿಸ್ ಒಪ್ಪಂದ ಸೇರಿತು. ರೋಮಿನ ಹೊರಗೆ, ವ್ಯಾಟಿಕನ್ ರೇಡಿಯೊದ ಗೋಪುರಗಳಿರುವ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ಬೇಸಾಯದ ಜೊತೆಗೇ ಸೌರವಿದ್ಯುತ್ ಬೆಳೆಯುವ ಯೋಜನೆಗೆ 2025ರ ಜುಲೈನಲ್ಲಿ ಇಟಲಿಯೊಂದಿಗೆ ಒಪ್ಪಂದವಾಯಿತು. ಜಗತ್ತಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಉಪದೇಶಿಸುವವರು ಮೊದಲು ಮಾಡಿ ತೋರಿಸಲಿ ಎಂಬ ಟೀಕೆಗೆ ಇದು ಉತ್ತರ, ಅಷ್ಟೆ.

ಮುಂದಿನ ಪರಿಣಾಮಗಳು

ಮೊದಲ ಪೆಟ್ಟು ಹಣಕಾಸಿಗೆ. 2024ರ ಬಾಕು ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು 2035ರ ವೇಳೆಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಒದಗಿಸಲು ಒಪ್ಪಿದ್ದವು; ಬಡ ದೇಶಗಳು ಬಯಸಿದ್ದು 1.3 ಲಕ್ಷ ಕೋಟಿ ಡಾಲರ್. ಅತಿ ದೊಡ್ಡ ಆರ್ಥಿಕತೆಯೇ ಎದ್ದು ಹೋದಾಗ ಉಳಿದವರ ಪಾಲು ಭಾರವಾಗುತ್ತದೆ, ಭಾರವಾದಾಗ ಅವರಲ್ಲೂ ಹಿಂಜರಿಕೆ ಶುರುವಾಗುತ್ತದೆ. ಬಡ ದೇಶಗಳ ವಿದೇಶಿ ಸಾಲ ಮತ್ತು ಶ್ರೀಮಂತ ದೇಶಗಳ ಪರಿಸರ ಋಣ ಒಂದೇ ನಾಣ್ಯದ ಎರಡು ಮುಖಗಳೆಂದು ವ್ಯಾಟಿಕನ್ ಅದೇ ಬಾಕುವಿನಲ್ಲಿ ವಾದಿಸಿತ್ತು. ಹೊಸ ಹಣ ಬಾರದಿದ್ದರೆ ಹಳೆಯ ಸಾಲವನ್ನಾದರೂ ಮನ್ನಾ ಮಾಡಿ ಎಂಬ ಬೇಡಿಕೆ ಇನ್ನು ಮುಂದೆ ಬಲಗೊಳ್ಳಬಹುದು.

ಎರಡನೆಯದು ಕಾನೂನಿನ ದಾರಿ. ಹವಾಮಾನ ರಕ್ಷಣೆ ರಾಷ್ಟ್ರಗಳ ಕಾನೂನಾತ್ಮಕ ಹೊಣೆ, ಅದನ್ನು ಮುರಿದರೆ ಪರಿಹಾರ ಕೊಡಬೇಕಾಗಬಹುದು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸರ್ವಾನುಮತದ ಸಲಹಾ ಅಭಿಪ್ರಾಯ ಕೊಟ್ಟಿತು. ಒಪ್ಪಂದ ಬಿಟ್ಟ ಮಾತ್ರಕ್ಕೆ ರೂಢಿಯಿಂದ ಬಂದ ಅಂತರರಾಷ್ಟ್ರೀಯ ಕಾನೂನಿನ ಹೊಣೆ ಅಳಿಯುವುದಿಲ್ಲ. ಈ ಅಭಿಪ್ರಾಯ ಯಾರನ್ನೂ ಕಟ್ಟಿಹಾಕದು, ಆದರೆ ಮರುಪಾವತಿಯ ಹಳೆಯ ನೀತಿಗೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ.

ಅಮೆರಿಕದೊಳಗೆ ಏನಾಗಬಹುದು? ಕೆಳಹಂತದ ಸಮುದಾಯಗಳು ಮಾಡಬಲ್ಲುದನ್ನು ಮೇಲಿನವರು ಕಸಿದುಕೊಳ್ಳಬಾರದು ಎಂಬ ತತ್ವ 1931ರಿಂದ ಕ್ಯಾಥೊಲಿಕ್ ಬೋಧನೆಯ ಭಾಗ. ಕೇಂದ್ರ ಹಿಂದೆ ಸರಿದಾಗ ರಾಜ್ಯಗಳು, ವಿಶ್ವವಿದ್ಯಾಲಯಗಳು, ದೇಶದ ಏಳು ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆ ಕೊಡುವ ಕ್ಯಾಥೊಲಿಕ್ ಆಸ್ಪತ್ರೆಗಳು ತಮ್ಮ ಮಟ್ಟದಲ್ಲಿ ಮುಂದುವರಿಯಬಹುದು. ಆದರೆ ಅಂತರರಾಷ್ಟ್ರೀಯ ಬಾಕಿಯನ್ನು ಆಸ್ಪತ್ರೆಯ ಚಾವಣಿಯ ಸೌರಫಲಕಗಳು ತೀರಿಸಲಾರವು.

ಭಾರತಕ್ಕೆ ಇದರಲ್ಲಿ ಏನಿದೆ?

'ಲೌದಾತೋ ಸಿ'ಯ ವಾದ ಭಾರತದ ಅಧಿಕೃತ ನಿಲುವಿಗೆ ಬಹಳ ಹತ್ತಿರವಾಗಿದೆ. ಬಡ ದೇಶಗಳ ಮೊದಲ ಆದ್ಯತೆ ಬಡತನದ ನಿವಾರಣೆಯಾಗಿರಬೇಕು ಎಂದು ಅದರ 172ನೆಯ ಪರಿಚ್ಛೇದ ಹೇಳುತ್ತದೆ. ಇದನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಪರಿಚ್ಛೇದ ಮುಂದುವರಿದು, ಆ ದೇಶಗಳು ತಮ್ಮೊಳಗಿನ ಸಿರಿವಂತ ವರ್ಗದ ಅತಿಯಾದ ಉಪಭೋಗವನ್ನು ಒಪ್ಪಿಕೊಳ್ಳಬೇಕು, ಭ್ರಷ್ಟಾಚಾರವನ್ನು ಹತ್ತಿಕ್ಕಬೇಕು ಎಂದೂ ಹೇಳುತ್ತದೆ.

ತಲಾ 2 ಟನ್ ಎಂಬ ಸರಾಸರಿ ಬೆಂಗಳೂರಿನ ಹವಾನಿಯಂತ್ರಿತ ಬಡಾವಣೆಯನ್ನೂ ಜಾರ್ಖಂಡ್, ಛತ್ತೀಸಗಢ, ಒಡಿಶಾಗಳ ಕಲ್ಲಿದ್ದಲು ಗಣಿಗಳ ಅಂಚಿನ ಆದಿವಾಸಿ ಹಳ್ಳಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಆ ಹಳ್ಳಿಗಳಲ್ಲಿ ಕ್ಯಾಥೊಲಿಕರ ಸಂಖ್ಯೆಯೂ ಗಣನೀಯ. ಭೂಮಿ ಕಳೆದುಕೊಂಡವರು ಅವರು, ಗಣಿ ಮುಚ್ಚಿದರೆ ಕೂಲಿ ಕಳೆದುಕೊಳ್ಳುವವರೂ ಅವರೇ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳಿಗೆ ಅದು ಹೊರಗಿನಿಂದಲೇ ಬರಬೇಕು. ಅಗೆದ ಗುಂಡಿಯೂ ದೂಳೂ ಅಲ್ಲಿ ಉಳಿದು ಬೆಳಕು ಇಲ್ಲಿಗೆ ಬರುವಾಗ, ದೇಶ ದೇಶಗಳ ನಡುವೆ ಕೇಳುವ ಋಣದ ಪ್ರಶ್ನೆಯನ್ನು ರಾಜ್ಯ ರಾಜ್ಯಗಳ ನಡುವೆಯೂ ಕೇಳಬೇಕಾಗುತ್ತದೆ. 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂದು 2021ರಲ್ಲಿ ಘೋಷಿಸಿದ ಗುರಿಯತ್ತ ಸಾಗುವಾಗ ಆ ಹಳ್ಳಿಗಳ ಮರುಜೀವನಕ್ಕೆ ಹಣ ಯಾರು ಕೊಡಬೇಕು ಎಂಬುದು ಅದರ ನೇರ ರೂಪ. 2026ರ ನವೆಂಬರಿನಲ್ಲಿ ಟರ್ಕಿಯ ಅಂಟಲ್ಯಾದಲ್ಲಿ ಕಾಪ್-31 ಸೇರಿದಾಗ ಭಾರತ ಐತಿಹಾಸಿಕ ಹೊಣೆಯ ವಾದವನ್ನು ಮತ್ತೆ ಮುಂದಿಡುವ ನಿರೀಕ್ಷೆಯಿದೆ, ಮತ್ತು ಆ ವಾದದಲ್ಲಿ ಹುರುಳಿದೆ; ಅಲ್ಲಿಂದ ಬರುವ ಹಣದಲ್ಲಿ ಗಣಿ ಅಂಚಿನ ಹಳ್ಳಿಗೆ ಎಷ್ಟು ತಲುಪುತ್ತದೆ ಎಂಬುದು ಮಾತ್ರ ದೆಹಲಿಯಲ್ಲಿ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ ತೀರ್ಮಾನವಾಗಬೇಕಾದ ಸಂಗತಿ.